ಕಾರ್ಟ್ ತುಂಬಿದ ಮೇಲೆ 10 ನಿಮಿಷ ಕಾಯಿರಿ: ಬ್ರೌಸರ್ ಪರೀಕ್ಷೆಯ ನನ್ನ ಅನುಭವ

ಆನ್‌ಲೈನ್ ಅಂಗಡಿಯ ಪರೀಕ್ಷೆಗೆ ಕೂತಾಗ ಬ್ರೌಸರ್‌ಗಳ ಪಟ್ಟಿಗಿಂತ ಮೊದಲು ಎಂಜಿನ್‌ಗಳ ಪಟ್ಟಿ ಮಾಡಿಕೊಳ್ಳುತ್ತೇನೆ. ಎಂಜಿನ್ ಎಂದರೆ ಪುಟವನ್ನು ಓದಿ ಪರದೆಗೆ ತರುವ, ಬ್ರೌಸರಿನ ಒಳಭಾಗ. ಕ್ರೋಮ್, ಎಡ್ಜ್, ಒಪೆರಾ, ಸ್ಯಾಮ್ಸಂಗ್ ಇಂಟರ್ನೆಟ್ ನಾಲ್ಕೂ ಓಡುವುದು ಬ್ಲಿಂಕ್ ಮೇಲೆ. ಫೈರ್‌ಫಾಕ್ಸ್‌ನದು ಗೆಕೋ, ಸಫಾರಿಯದು ವೆಬ್‌ಕಿಟ್. ನಮ್ಮಲ್ಲಿ ಐಫೋನಿಗೆ ಕ್ರೋಮ್ ಹಾಕಿಕೊಂಡರೂ ಒಳಗಿರುವುದು ವೆಬ್‌ಕಿಟ್ಟೇ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಡೆವ್‌ಟೂಲ್ಸ್ (ಡೆವಲಪರ್‌ಗಳ ಪರಿಕರ) ತೆರೆದು 'ಐಫೋನ್' ಆರಿಸಿದರೆ ಪರದೆಯ ಅಳತೆ ಬದಲಾದೀತು, ಎಂಜಿನ್ ಬದಲಾಗದು. ಆದ್ದರಿಂದ ಒಂದು ನಿಜವಾದ ಐಫೋನ್, ಒಂದು ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್, ಕಂಪ್ಯೂಟರಿನಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬೇಕೇ ಬೇಕು.

ನನ್ನ ಹೆಚ್ಚಿನ ಸಮಯ ಹೋಗುವುದು ಪೇಮೆಂಟಿಗೆ. ಗ್ರಾಹಕರು ಬ್ಯಾಂಕಿನ ಪುಟದಲ್ಲಿ ಒಟಿಪಿ ಹಾಕಿ ಅಂಗಡಿಗೆ ಮರಳುವಾಗ ಕೆಲವು ಗೇಟ್‌ವೇಗಳು (ಅಂಗಡಿ ಮತ್ತು ಬ್ಯಾಂಕಿನ ನಡುವಿನ ಪಾವತಿ ಸೇವೆಗಳು) ಉತ್ತರವನ್ನು ಪೋಸ್ಟ್ ವಿಧಾನದಲ್ಲಿ, ಅಂದರೆ ಫಾರಂ ಸಲ್ಲಿಸುವ ಹಾಗೆ, ಕಳಿಸುತ್ತವೆ. ಗ್ರಾಹಕರು ಯಾರೆಂದು ನೆನಪಿಡಲು ಅಂಗಡಿ ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತೇ ಕುಕೀ. 2020ರಲ್ಲಿ ಬಂದ ಕ್ರೋಮ್ 80, ಸೇಮ್‌ಸೈಟ್ (ಬೇರೆ ತಾಣದಿಂದ ಬರುವ ವಿನಂತಿಯ ಜೊತೆ ಕುಕೀ ಹೋಗಬಹುದೇ ಎಂಬ ಸೂಚನೆ) ನಮೂದಿಸದ ಕುಕೀಯನ್ನು 'ಲ್ಯಾಕ್ಸ್' ಎಂದೇ ಪರಿಗಣಿಸಲು ಶುರುಮಾಡಿತು. ಅಂಥ ಕುಕೀ ಬೇರೆ ತಾಣದಿಂದ ಬರುವ ಪೋಸ್ಟ್ ಜೊತೆ ಹೋಗುವುದಿಲ್ಲ, ಹಾಗಾಗಿ ಅಂಗಡಿಗೆ ಗ್ರಾಹಕರ ಗುರುತು ಸಿಗುವುದಿಲ್ಲ. ಹಣ ಕಡಿತವಾಗಿರುತ್ತದೆ, ಅಂಗಡಿ ಮಾತ್ರ ಲಾಗಿನ್ ಪುಟ ತೋರಿಸುತ್ತದೆ, ಆರ್ಡರ್ 'ಪೆಂಡಿಂಗ್' ಎಂದೇ ಉಳಿಯುತ್ತದೆ. ಇದು ಪರೀಕ್ಷಕರ ಕಣ್ಣಿಗೆ ಬೀಳದೇ ಹೋಗಲು ಕಾರಣವಿದೆ: ಹುಟ್ಟಿ 2 ನಿಮಿಷವಾಗದ ಕುಕೀಗೆ ಕ್ರೋಮ್ ವಿನಾಯಿತಿ ಕೊಡುತ್ತದೆ. ಇನ್‌ಕಾಗ್ನಿಟೋ (ಹಳೆಯ ಕುಕೀಗಳಿಲ್ಲದ ಖಾಸಗಿ ಕಿಟಕಿ) ತೆರೆದು ಒಂದೇ ನಿಮಿಷದಲ್ಲಿ ಕೊಂಡು ಮುಗಿಸಿದವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಸೀರೆ ಆರಿಸಲು ಅರ್ಧ ಗಂಟೆ ತೆಗೆದುಕೊಂಡವರಿಗೆ ಕೈಕೊಡುತ್ತದೆ. ಅದಕ್ಕೇ ನಾನು ಕಾರ್ಟ್ ತುಂಬಿ 10 ನಿಮಿಷ ಬಿಟ್ಟು ಪಾವತಿಸುತ್ತೇನೆ. ಸರಿಪಡಿಸುವ ದಾರಿ: ಪೋಸ್ಟ್ ಬಂದು ಬೀಳುವ ವಿಳಾಸ ಲಾಗಿನ್ ಸೆಷನ್ನನ್ನು ನೆಚ್ಚಿಕೊಳ್ಳಬಾರದು, ಆರ್ಡರ್ ಸಂಖ್ಯೆಯನ್ನೂ ಗೇಟ್‌ವೇಯ ಸಿಗ್ನೇಚರನ್ನೂ (ಉತ್ತರ ಅಸಲಿ ಎಂದು ತೋರಿಸುವ ಸಂಕೇತ) ತಾಳೆ ನೋಡಿ ದಾಖಲಿಸಿ, ಆಮೇಲೆ ಗ್ರಾಹಕರನ್ನು ಲಿಂಕ್ ಒತ್ತಿದಂತೆ ತೆರೆಯುವ ಸಾಮಾನ್ಯ ಗೆಟ್ ಪುಟಕ್ಕೆ ಕಳಿಸಬೇಕು. ಕುಕೀಯನ್ನು 'ಸೇಮ್‌ಸೈಟ್ ನನ್' (None, ಅಂದರೆ ಯಾವ ತಾಣದಿಂದ ಬಂದ ವಿನಂತಿಯ ಜೊತೆಗೂ ಹೋಗಲಿ ಎಂದು) ಮಾಡಿಬಿಟ್ಟರೂ ತೊಂದರೆ ಮಾಯವಾಗುತ್ತದೆ, ಆದರೆ ಬೇರೆ ತಾಣಗಳು ಗ್ರಾಹಕರ ಹೆಸರಿನಲ್ಲಿ ಕಳಿಸುವ ಕಳ್ಳ ವಿನಂತಿಗಳಿಗೆ ಇದ್ದ ಒಂದು ತಡೆ ಹೋಗುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ.

ಪಾವತಿ ರದ್ದು ಮಾಡಿ 'ಹಿಂದೆ' ಒತ್ತುವುದನ್ನೂ ಪ್ರತಿ ಎಂಜಿನ್ನಿನಲ್ಲಿ ನೋಡುತ್ತೇನೆ. ಬ್ರೌಸರ್ ಹಳೆಯ ಪುಟವನ್ನು ನೆನಪಿನಿಂದಲೇ ಎತ್ತಿಕೊಡುವುದರಿಂದ 'ದಯವಿಟ್ಟು ಕಾಯಿರಿ' ಎಂಬ ಬಟನ್ ಹಾಗೇ ಸತ್ತು ಬಿದ್ದಿರುತ್ತದೆ. ಪುಟ ಕಾಣಿಸಿಕೊಂಡಾಗ ಬ್ರೌಸರ್ ಕೊಡುವ ಪೇಜ್‌ಶೋ ಈವೆಂಟಿನಲ್ಲಿ 'ಪರ್ಸಿಸ್ಟೆಡ್' (ನೆನಪಿನಿಂದ ಬಂದದ್ದು) ನಿಜವಿದ್ದರೆ ಬಟನ್ನನ್ನು ಮತ್ತೆ ಜೀವಂತ ಮಾಡಬೇಕು.

ಯುಪಿಐ ಪರೀಕ್ಷೆಯನ್ನು ಕ್ರೋಮ್‌ಗೆ ನಿಲ್ಲಿಸಬೇಡಿ. ಜಾಹೀರಾತು ಒತ್ತಿ ಬಂದ ಎಷ್ಟೋ ಮಂದಿ ಇರುವುದು ಇನ್ನೊಂದು ಆಪ್‌ನೊಳಗಿನ ವೆಬ್‌ವ್ಯೂನಲ್ಲಿ, ಅಂದರೆ ಆಪ್ ತನ್ನೊಳಗೇ ಪುಟ ತೋರಿಸುವ ಕಿಟಕಿಯಲ್ಲಿ. ಆ ಆಪ್ ಯುಪಿಐ ಲಿಂಕನ್ನು ನಿಭಾಯಿಸದಿದ್ದರೆ 'ಅನ್‌ನೋನ್ ಯುಆರ್‌ಎಲ್ ಸ್ಕೀಮ್' ಎಂಬ ಪುಟ ಬರುತ್ತದೆ. 'ಬ್ರೌಸರಿನಲ್ಲಿ ತೆರೆಯಿರಿ' ಎನ್ನುವುದು ಸರಿ, ಆದರೆ ಕುಕೀ ಅಲ್ಲಿಗೆ ದಾಟಿ ಬರುವುದಿಲ್ಲ, ಕಾರ್ಟ್ ಖಾಲಿಯಾಗಿ ತೆರೆಯುತ್ತದೆ. ಲಿಂಕಿನಲ್ಲೇ ಕಾರ್ಟಿನ ಗುರುತು ಹೋಗುವಂತೆ ಮಾಡಿಸಿಕೊಳ್ಳಿ.

ಸಫಾರಿಯಲ್ಲಿ ನಾನು ಬಿಡದೆ ನೋಡುವವು: ಜಾವಾಸ್ಕ್ರಿಪ್ಟ್ ಬರೆದ ಕುಕೀಯ ಆಯಸ್ಸು ಹೆಚ್ಚೆಂದರೆ 7 ದಿನ, ಹಾಗಾಗಿ ಕಾರ್ಟಿನ ಕುಕೀಯನ್ನು ಸರ್ವರ್ ಬರೆಯಲಿ. ಸರ್ವರಿನ ಉತ್ತರ ಬಂದ ಮೇಲೆ ತೆರೆಯಹೊರಟ ಪೇಮೆಂಟ್ ಕಿಟಕಿ ತಡೆಯಲ್ಪಡಬಹುದು. ಬೆರಳು ಒತ್ತಿದ ಕ್ಷಣದಲ್ಲೇ ತೆರೆದಿಡಬೇಕು. ವಿಳಾಸದ ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನ್ ಪುಟವನ್ನೇ ಹಿಗ್ಗಿಸುತ್ತದೆ. 16.4ಕ್ಕಿಂತ ಹಳೆಯ ಸಫಾರಿಗೆ ರೆಜೆಕ್ಸ್‌ನ (ಅಕ್ಷರಗಳ ಮಾದರಿ ತಾಳೆ ನೋಡುವ ಸೂತ್ರ) ಲುಕ್‌ಬಿಹೈಂಡ್ (ಹಿಂದಿನ ಅಕ್ಷರಗಳನ್ನು ನೋಡುವ ಭಾಗ) ಗೊತ್ತಿಲ್ಲ. ಪಿನ್‌ಕೋಡ್ ತಪಾಸಣೆಗೆ ಅದನ್ನು ಬಳಸಿದರೆ ಆ ಸ್ಕ್ರಿಪ್ಟ್ ಕಡತ ಪೂರ್ತಿ ಓಡದೆ ನಿಲ್ಲುತ್ತದೆ.

ಕನ್ನಡದಲ್ಲಿ ಸರಕಿನ ಹೆಸರಿರುವ ಅಂಗಡಿಯಾದರೆ 'ಮೈಸೂರ್ ಸ್ಯಾಂಡಲ್', 'ಸಿರಿಧಾನ್ಯದ ಹಿಟ್ಟು' ಥರದ ಹೆಸರುಗಳನ್ನು ಚಿಕ್ಕ ಕಾರ್ಡಿನಲ್ಲಿ ಇಟ್ಟು ನೋಡಿ. ಸಾಲಿನ ಎತ್ತರ ಅಕ್ಷರದ ಅಳತೆಯ 1.2 ಪಟ್ಟು ಇದ್ದು, ಹೊರಗೆ ಚಾಚಿದ್ದನ್ನು ಮರೆಮಾಡುವ ಸಿಎಸ್‌ಎಸ್ (ಪುಟದ ರೂಪ ಹೇಳುವ ಸೂಚನೆ) ಹಾಕಿದ್ದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಫಾಂಟ್ ಒಂದೊಂದು ಸಾಧನದಲ್ಲಿ ಒಂದೊಂದು ಇರುವುದರಿಂದ ಒಂದು ಫೋನಿನಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ಕೆಡಬಹುದು. ನಾನು 1.6 ಇಡಿಸುತ್ತೇನೆ.