90 ಸಾವಿರದ ಪಿಸ್ತೂಲು, ಎರಡು ಸ್ಕ್ರೂ

ಬದಿಯಡ್ಕದಲ್ಲಿ ನನ್ನದೊಂದು ಲೇತ್ ಅಂಗಡಿ. ಮೂವತ್ತೊಂದು ವರ್ಷ ಪಂಪಿನ ಶಾಫ್ಟು, ಬುಶ್ಶು, ಅಡಿಕೆ ಸುಲಿಯುವ ಮೆಶಿನ್ನಿನ ಹಲ್ಲು ಅಂತ ಕಬ್ಬಿಣದ ಜೊತೆಗೇ ಕಳೆದೆ. ಈಗ ಮಗ ನೋಡಿಕೊಳ್ಳುತ್ತಾನೆ. ನನಗೆ ಹಳೆ ಬೀಗ, ಹಳೆ ತಕ್ಕಡಿ, ಹಳೆ ಬೆಡಿ ಇವುಗಳ ಹುಚ್ಚು. ನಮ್ಮ ಕಡೆ ಕೋವಿಗೆ ಬೆಡಿ ಅಂತಲೇ ಹೇಳುವುದು. ಹೆಂಡತಿಯ ಲೆಕ್ಕದಲ್ಲಿ ಇದೆಲ್ಲ ಗುಜರಿ.

ಹೋದ ವರ್ಷ ಮಳೆ ನಿಲ್ಲುವ ಹೊತ್ತಿಗೆ ಪರಿಚಯದ ದಲ್ಲಾಳಿಯೊಬ್ಬ ನಾಲ್ಕು ಫೋಟೋ ಕಳಿಸಿದ. ಚಕಮಕಿ ಕಲ್ಲಿನ ಪಿಸ್ತೂಲು. ಮುಳ್ಳೇರಿಯದ ಹತ್ತಿರ ಒಂದು ಹಳೆ ಮನೆಯಲ್ಲಿ ಉಂಟಂತೆ. ಬೆಲೆ 90 ಸಾವಿರ. ಹಿಂದೆಯೇ ಒಂದು ವಾಯ್ಸ್ ಮೆಸೇಜು: "ಅಣ್ಣಾ, ಟಿಪ್ಪುವಿನ ಕಡೆಯವರು ಕಂಪನಿಯವರ ಕೈಯಿಂದ ಕಿತ್ತುಕೊಂಡದ್ದಂತೆ. ಬೇಕಲ ಕೋಟೆಯಿಂದ ಬಂದದ್ದು ಮಾರಾಯ್ರೇ!"

ಹಳೆ ಆಯುಧ ಮಾರುವವರು ನಮ್ಮ ಕಡೆ ಎರಡೇ ಕಥೆ ಹೇಳುವುದು. ಒಂದು ಟಿಪ್ಪು, ಇನ್ನೊಂದು ಕಲ್ಯಾಣಪ್ಪನ ಕಾಟಕಾಯಿ. 1837ರಲ್ಲಿ ಕಂಪನಿಯ ವಿರುದ್ಧ ಎದ್ದ ಆ ದಂಗೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಬೆಡಿಗಳು ಈಗ ಮಾರಾಟಕ್ಕೆ ಬಂದಿರಬೇಕು. ಕಾಗದ ಇಲ್ಲದ ಕಥೆಗೆ ನಾನು ಒಂದು ರೂಪಾಯಿಯೂ ಹಾಕುವುದಿಲ್ಲ.

ಈ ಕಥೆಯಂತೂ ಫೋಟೋದಲ್ಲೇ ಬಿದ್ದುಹೋಯಿತು. ಪಕ್ಕದ ಕಬ್ಬಿಣದ ಪಟ್ಟಿಯ ಮೇಲೆ ಹಿಂಗಾಲಲ್ಲಿ ನಿಂತು ಕಿರೀಟ ಹಿಡಿದ ಸಿಂಹ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಗುರುತೇ ಹೌದು. ಆದರೆ ಕಂಪನಿ ಈ ಸಿಂಹ ಹೊಡೆಯಲು ಶುರುಮಾಡಿದ್ದು 1808ರ ಸುಮಾರಿಗೆ. ಅದಕ್ಕೂ ಮೊದಲು ಹೃದಯದ ಆಕಾರದೊಳಗೆ ಅಕ್ಷರಗಳಿರುವ ಗುರುತು. ಟಿಪ್ಪು ಸತ್ತದ್ದು 1799ರ ಮೇ 4ಕ್ಕೆ. ಕಥೆ ಬಿದ್ದರೂ ಪಿಸ್ತೂಲು ಬೀಳಲಿಲ್ಲ. ಕಂಪನಿಯ ಪಿಸ್ತೂಲು ಅಂದರೆ ಅದೇ ಸಾಕಷ್ಟು ಆಯಿತಲ್ಲ.

ಬೆಲೆ ಮಾತಾಡುವ ಮೊದಲು ಕಾಗದ ಕೇಳಿದೆ. ಹಳತು ಅಂದಮಾತ್ರಕ್ಕೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ನು ಬಿಡುವುದು ರಿಪೇರಿ ಮಾಡಿದರೂ ಹೊಡೆಯಲಾಗದ ಹಳೆ ಆಯುಧವನ್ನು ಮಾತ್ರ. ಇದರ ನಳಿಗೆಯ ಬುಡ ತುಕ್ಕು ತಿಂದು ಸೀಳಿತ್ತು. ಆದರೂ ಅದು ಆ ಸಾಲಿಗೆ ಸೇರುತ್ತದೋ ಇಲ್ಲವೋ ಅಂತ ಹೇಳುವುದು ನಾನೂ ಅಲ್ಲ, ದಲ್ಲಾಳಿಯೂ ಅಲ್ಲ. ವಿದ್ಯಾನಗರದ ಕಲೆಕ್ಟರೇಟಿಗೆ ಬರೆದು ಕೊಟ್ಟು, ಉತ್ತರ ಬಂದ ಮೇಲೆಯೇ ದುಡ್ಡು ಅಂತ ಮೊದಲೇ ಹೇಳಿಬಿಟ್ಟೆ. ಅದಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟರವರೆಗೆ ಪಿಸ್ತೂಲು ಅವರ ಮನೆಯಲ್ಲೇ ಇತ್ತು.

ನೋಡಲು ಹೋದ ದಿನ ಮನೆಯ ದೊಡ್ಡಮ್ಮ ಬೆಲ್ಲ ನೀರು ಕೊಟ್ಟರು. ಎಂಬತ್ತು ದಾಟಿದ ಜೀವ. ಕುಡಿದು ಮುಗಿಸಿ ನಾನು ಮೊದಲು ಕೇಳಿದ್ದು ಹಿಡಿಸೂಡಿಯ, ಅಂದರೆ ಪೊರಕೆಯ, ಒಂದು ಕಡ್ಡಿ. ದಲ್ಲಾಳಿ ನಕ್ಕ. ಬಾಯಿಯಿಂದ ಮದ್ದು ತುಂಬಿಸುವ ಬೆಡಿಗಳಲ್ಲಿ ತುಂಬಿಸಿ ಮರೆತುಬಿಟ್ಟದ್ದು ಎಷ್ಟೋ ಉಂಟು. ಮೂತಿ ನಮ್ಮ ಕಡೆ ಇಲ್ಲದ ಹಾಗೆ ಹಿಡಿದು, ಕಡ್ಡಿಯನ್ನು ನಿಧಾನಕ್ಕೆ ಒಳಗೆ ಬಿಡಬೇಕು. ನಿಂತಲ್ಲಿ ಉಗುರಿನಿಂದ ಗುರುತು ಮಾಡಿ, ತೆಗೆದು ಹೊರಗಿನಿಂದ ಹಿಡಿದು ನೋಡಬೇಕು. ಕಡ್ಡಿಯ ತುದಿ ಕಿಡಿ ಹೋಗುವ ತೂತಿನ ಹತ್ತಿರಕ್ಕೆ ಬಂದರೆ ಒಳಗೆ ಖಾಲಿ. ಎರಡು ಬೆರಳು ಮೊದಲೇ ನಿಂತರೆ ಒಳಗೆ ಏನೋ ಉಂಟು. ಆಗ ಅಲ್ಲಿಗೇ ಬಿಟ್ಟು ಪೊಲೀಸರಿಗೆ ಹೇಳಿ ಮನೆಗೆ ಬರುವುದು. ಇದು ಖಾಲಿ ಇತ್ತು.

ಇನ್ನು ಅಸಲಿ ವಿಷಯ. ಕೇಪಿನ ಕೋವಿ ನಮ್ಮ ತೋಟದವರಿಗೆ ಗೊತ್ತಿದ್ದದ್ದೇ. ಬಡಿದರೆ ಹೊತ್ತುವ ಮದ್ದು ತುಂಬಿದ ಸಣ್ಣ ಲೋಹದ ಟೊಪ್ಪಿಯೇ ಕೇಪು. ಅದಕ್ಕೂ ಹಿಂದಿನದು ಚಕಮಕಿ. ಹೊಡೆಯುವಾಗ ಬಂದು ಬಡಿಯುವ ಭಾಗಕ್ಕೆ ಕುದುರೆ ಅನ್ನುವುದು. ಅದರ ಬಾಯಲ್ಲಿ ಕಲ್ಲು, ಎದುರಿಗೆ ಉಕ್ಕಿನ ತಗಡು, ತಗಡಿನ ಬುಡದಲ್ಲಿ ಮದ್ದಿನ ಬಟ್ಟಲು. ಕಲ್ಲು ತಗಡಿಗೆ ಬಡಿದ ಕಿಡಿಗೆ ಬಟ್ಟಲಿನ ಮದ್ದು ಹೊತ್ತಿ, ಬೆಂಕಿ ತೂತಿನಿಂದ ನಳಿಗೆಯ ಒಳಗೆ ಹೋಗುವುದು. 1807ರಲ್ಲಿ ಸ್ಕಾಟ್ಲೆಂಡಿನ ಫೋರ್ಸೈತ್ ಎಂಬ ಪಾದ್ರಿ ಬಡಿದರೆ ಹೊತ್ತುವ ಮದ್ದಿಗೆ ಪೇಟೆಂಟ್ ತೆಗೆದ. ಕೇಪು ಬಂದದ್ದು ಆ ದಾರಿಯಲ್ಲಿ. 1840ರ ಹೊತ್ತಿಗೆ ಚಕಮಕಿ ಹಳತಾಯಿತು. ಹೊಸತು ಕೊಳ್ಳುವ ಬದಲು ಜನ ಇದ್ದದ್ದನ್ನೇ ಬದಲಾಯಿಸಿಕೊಂಡರು. ಬಟ್ಟಲು, ತಗಡು, ಅದರ ಸ್ಪ್ರಿಂಗು ತೆಗೆಯುವುದು. ಸ್ಕ್ರೂ ಇದ್ದ ತೂತುಗಳನ್ನು ಮುಚ್ಚುವುದು. ಕಿಡಿ ತೂತನ್ನು ದೊಡ್ಡದು ಮಾಡಿ, ಕೇಪು ಕೂರುವ ಒಂದು ದುಂಡನೆಯ ಕಬ್ಬಿಣದ ತುಂಡನ್ನು ಅಲ್ಲಿ ತಿರುಗಿಸಿ ಕೂರಿಸುವುದು. ಕುದುರೆಯನ್ನು ಸುತ್ತಿಗೆ ಮೂತಿಯದ್ದಕ್ಕೆ ಬದಲಿಸುವುದು.

ಬದಲಾಯಿಸಿದ್ದು ಅಂದ ತಕ್ಷಣ ಬೆಲೆ ಹೋಯಿತು ಅಂತ ಅಲ್ಲ. ಯಾವಾಗ ಬದಲಾಯಿಸಿದ್ದು ಅಂತ ನೋಡಬೇಕು. ಬಳಸುವವನು ಬಳಕೆಗಾಗಿ ಆಗಲೇ ಮಾಡಿಸಿದ್ದು ಆ ಪಿಸ್ತೂಲಿನ ಚರಿತ್ರೆಯದ್ದೇ ಒಂದು ಭಾಗ. ತೊಂದರೆ ಇರುವುದು ಅದನ್ನು ಪುನಃ ಚಕಮಕಿ ಮಾಡಿದಾಗ. ಚಕಮಕಿಗೆ ರೇಟು ಜಾಸ್ತಿ ಅಲ್ವಾ, ಹಾಗಾಗಿ ಈಚಿನವರು ಹೊಸ ಬಟ್ಟಲು, ಹೊಸ ಕುದುರೆ ಮಾಡಿ ಹಚ್ಚುತ್ತಾರೆ. ನನ್ನ ಲೆಕ್ಕ ಹೀಗೆ: ಏನೂ ಬದಲಾಗದ ಚಕಮಕಿಗೆ 100 ಆದರೆ, ಹಳೆ ಕಾಲದಲ್ಲೇ ಕೇಪಿಗೆ ಬದಲಾದದ್ದಕ್ಕೆ 60, ಪುನಃ ಚಕಮಕಿ ಮಾಡಿದ್ದಕ್ಕೆ 30, ಹೆಚ್ಚೆಂದರೆ 35.

ಪಿಸ್ತೂಲನ್ನು ಜಗಲಿಯ ಬೆಳಕಿಗೆ ತಂದು ಭೂತಗನ್ನಡಿ ಹಿಡಿದೆ. ಸಿಂಹದ ಗುರುತು ಸುತ್ತಲಿನ ಕಬ್ಬಿಣದಷ್ಟೇ ಸವೆದಿತ್ತು. ಒಳ್ಳೆಯದು. ಸುತ್ತ ಸವೆದು ಗುರುತು ಮಾತ್ರ ಚೂಪಾಗಿದ್ದರೆ ಅದು ನಿನ್ನೆ ಹೊಡೆದದ್ದು. ಪಟ್ಟಿಯ ಗುಳಿಗಳಲ್ಲಿ ತುಕ್ಕು ಕಪ್ಪಾಗಿ, ಗಟ್ಟಿಯಾಗಿ ಕೂತಿತ್ತು. ಕುದುರೆಯ ಮೇಲಿನದ್ದು ಮಾತ್ರ ಎಲ್ಲ ಕಡೆ ಒಂದೇ ಕೆಂಪು. ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಇಟ್ಟಿಗೆ ಪುಡಿಯ ಹಾಗೆ ಬಂತು. ಆಸಿಡ್ ಹಾಕಿ ಬರಿಸಿದ ತುಕ್ಕು ಹೀಗೇ. ಹಿಡಿಯ ತುದಿಯ ಹಿತ್ತಾಳೆಯನ್ನು ಯಾರೋ ಹುಣಸೆಹುಳಿ ಹಾಕಿ ಫಳಫಳ ತಿಕ್ಕಿದ್ದರು. ಅಯ್ಯೋ ಅನ್ನಿಸಿತು. ಇನ್ನೂರು ವರ್ಷದ ಬಣ್ಣ ಒಂದೇ ಸಂಜೆಗೆ ಹೋಗಿತ್ತು.

ಆಮೇಲೆ ಕಿಡಿ ತೂತು. ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ಒಂದು ಉಂಗುರ ಕಂಡಿತು. ಅಡ್ಡಳತೆ 9.6 ಮಿಲಿಮೀಟರ್. ಇಷ್ಟು ದೊಡ್ಡ ತೂತು ಕೊರೆದು ಮುಚ್ಚಿದ್ದು ಸುಮ್ನೆ ಅಲ್ಲ. ಒಂದು ಕಾಲದಲ್ಲಿ ಅಲ್ಲಿ ಕೇಪಿನ ಆ ದುಂಡನೆಯ ತುಂಡು ಕೂತಿತ್ತು.

ಖಾತ್ರಿಗೆ ಎರಡು ಸ್ಕ್ರೂ ಬಿಚ್ಚಲು ದೊಡ್ಡಮ್ಮನ ಒಪ್ಪಿಗೆ ಕೇಳಿದೆ. ಮೊದಲನೆಯದು ಕುದುರೆಯ ಬಾಯಿಗೆ ಕಲ್ಲು ಬಿಗಿಯುವ ಸ್ಕ್ರೂ. ಜೇಬಿನಲ್ಲಿದ್ದ, ಥ್ರೆಡ್ಡಿನ ಅಂತರ ನೋಡುವ ಪಿಚ್ ಗೇಜಿನ ಒಂದು ಮಿಲಿಮೀಟರಿನ ಎಲೆ ಇಟ್ಟರೆ ಬೆಳಕು ದಾಟದ ಹಾಗೆ ಕೂತಿತು. ಹೊರಗಿನ ಅಳತೆ ಆರು. ನನ್ನ ಅಂಗಡಿಯ ಡಬ್ಬದಲ್ಲಿ ಇಂಥದ್ದು ಕಿಲೋಗಟ್ಟಲೆ ಉಂಟು! ವಿಟ್‌ವರ್ಥ್ ಎಂಬ ಇಂಗ್ಲಿಷ್ ಇಂಜಿನಿಯರ್ ತನ್ನ ಇಂಚಿನ ಥ್ರೆಡ್ಡಿನ ಲೆಕ್ಕ ಮುಂದಿಟ್ಟದ್ದೇ 1841ರಲ್ಲಿ. ಅದಕ್ಕೂ ಮೊದಲು ಒಂದೊಂದು ಅಂಗಡಿಗೆ ಒಂದೊಂದು ಥ್ರೆಡ್ಡು. ನಮ್ಮ ದೇಶಕ್ಕೆ ಮೆಟ್ರಿಕ್ ಬಂದದ್ದು 1956ರ ಕಾನೂನಿನ ಮೇಲೆ. ಅಂದರೆ ಈ ಮಿಲಿಮೀಟರಿನ ಸ್ಕ್ರೂ ಈಚಿನದ್ದು. ಆದರೂ ಇದೊಂದೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆ ಸ್ಕ್ರೂ ಕಳೆದುಹೋಗುವುದು, ಬೇರೆ ಹಾಕುವುದು ಮಾಮೂಲು. ಎರಡನೆಯದು ಉಕ್ಕಿನ ತಗಡಿನ ಕೀಲಿನ ಸ್ಕ್ರೂ. ಅದೂ ಮೆಟ್ರಿಕ್ಕೇ.

"ಇದು ಕಲ್ಲಿನದ್ದಾಗಿ ಹುಟ್ಟಿ, ಕೇಪಿನದ್ದಾಗಿ, ಈಚೆಗೆ ಪುನಃ ಕಲ್ಲಿನದ್ದಾದದ್ದು. ನಳಿಗೆ, ಪಟ್ಟಿ, ಮರ ಇಷ್ಟು ಹಳತು. ನಾನು 26 ಸಾವಿರ ಕೊಡಬಹುದು" ಅಂದೆ. ದಲ್ಲಾಳಿಯ ಮುಖ ಸಣ್ಣಗಾಯಿತು. ಇವನೇ ಎಲ್ಲೋ ಮಾಡಿಸಿ ತಂದು ಈ ಮುದುಕಿಯ ಮನೆಯಲ್ಲಿ ಇಟ್ಟಿದ್ದಾನೆ ಅಂತಲೇ ನಾನು ಮನಸ್ಸಿನಲ್ಲಿ ತೀರ್ಮಾನಿಸಿದ್ದೆ.

ದೊಡ್ಡಮ್ಮ ಮಾತ್ರ ಬೇಜಾರು ಮಾಡಲಿಲ್ಲ. "ಹೌದಪ್ಪಾ, ಮೊದಲು ಕೇಪಿನದ್ದೇ. ಶೋಕೇಸಿನಲ್ಲಿ ಇಡಲಿಕ್ಕೆ ಕಲ್ಲಿನದ್ದೇ ಚಂದ ಅಂತ ನಮ್ಮ ಇವರು ಮಂಗಳೂರಿನಲ್ಲಿ ಮಾಡಿಸಿದ್ದು. ಅದರ ಹಳೆ ಮೂತಿ ಬೇಕಾ ನಿನಗೆ?"

ಒಳಗೆ ಹೋಗಿ ಒಂದು ಹಾರ್ಲಿಕ್ಸ್ ಬಾಟಲಿ ತಂದರು. ಜಗಲಿಯ ಮೇಲೆ ಬೋರಲು ಹಾಕಿದರು. ಶರ್ಟಿನ ಗುಂಡಿ, ಕಾಲಾಣೆಯ ನಾಣ್ಯ, ತುಂಡಾದ ಬೀಗದ ಕೈ. ಅದರ ನಡುವೆ ಸುತ್ತಿಗೆ ಮೂತಿಯ ಕುದುರೆ, ಮತ್ತು ಅಡಿಕೆ ಹೋಳಿನಷ್ಟು ದಪ್ಪದ ಕೇಪಿನ ತುಂಡು.

ದಲ್ಲಾಳಿಯ ಕಡೆ ನೋಡಲು ನನಗೆ ಮುಖ ಇರಲಿಲ್ಲ. ವರ್ನಿಯರ್ ತೆಗೆದು ಆ ತುಂಡಿನ ಥ್ರೆಡ್ಡನ್ನು ಅಳೆದೆ. 9.5 ಇತ್ತು, ಆ 9.6ರ ಉಂಗುರಕ್ಕೆ ಸರಿ. ನನ್ನ ಬೆಲೆಗೆ ಆರು ಸಾವಿರ ಸೇರಿಸಿದೆ.