ಗೊಂಡೆ ತುಂಬಿ ಬಂದದ್ದು 700 ಸುತ್ತಿನ ಮೇಲೆ

ಹೋದ ಚಳಿಗಾಲಕ್ಕೆ ಮಡಿಕೇರಿಯ ಅಂಗಡಿಯೊಂದಕ್ಕೆ 40 ಉಲ್ಲನ್ ಟೋಪಿ ಒಪ್ಪಿಕೊಂಡಿದ್ದೆ. ಹೆಣೆಯೋದು ಕಷ್ಟವಲ್ಲ, ಟಿವಿ ನೋಡ್ತಾ ನೋಡ್ತಾ ಮುಗಿಯುತ್ತೆ. ಕೈಕೊಟ್ಟಿದ್ದು ನೆತ್ತಿಯ ಗೊಂಡೆ. ಮೊದಲ ಐದು ಟೋಪಿ ನೋಡಿದ ಅಂಗಡಿಯವರು, "ಏನಕ್ಕಾ, ಪುಕ್ಕ ಕಿತ್ತ ಕೋಳಿ ಥರ ಇದೆ. ರೆಡಿಮೇಡ್ ಫರ್ ಗೊಂಡೆ ಹೊಲಿದುಬಿಡಿ" ಅಂದರು. ಅದು ಒಂದಕ್ಕೆ 45 ರೂಪಾಯಿ. ಒಂದು ಟೋಪಿಗೆ ನನಗೆ ಸಿಗೋದೇ 250. ಮನೆಯಲ್ಲೂ ಅದೇ ರಾಗ, "ಕೈಯಲ್ಲಿ ಅಷ್ಟು ದಪ್ಪ ಬರಲ್ಲ ಬಿಡು".

ನಡುವೆ ತೂತಿರೋ ಬಳೆಯಂಥ ಜೋಡಿ ರಟ್ಟಿಗೆ ನೂಲು ಸುತ್ತಿ, ಹೊರ ಅಂಚಲ್ಲಿ ಕತ್ತರಿಸಿ, ಎರಡು ರಟ್ಟಿನ ನಡುವೆ ದಾರ ಬಿಗಿದು ಬಿಡಿಸಿದರೆ ಗೊಂಡೆ. ನಾನು ಮಾಡ್ತಿದ್ದ ತಪ್ಪು ಜಿಪುಣತನ. 250 ಸುತ್ತು ಹಾಕಿ ಸಾಕು ಅನ್ನುತ್ತಿದ್ದೆ. ಕತ್ತರಿಸಿದ ಮೇಲೆ ನಡುವಿನ ಗಂಟು ಕಾಣ್ತಿತ್ತು. ಹರವು 15 ಸೆಂಟಿಮೀಟರ್, ನಡುವಿನ ತೂತು 4 ಇರೋ ರಟ್ಟಿಗೆ 700ರ ಹತ್ತಿರ ಸುತ್ತು ಬೇಕು, ತೂತಿನಲ್ಲಿ ಸೂಜಿಯೂ ತೂರದ ಹಾಗೆ. ಮದುವೆ ಕಾಗದದ ರಟ್ಟು ಆ ಬಿಗಿಗೆ ಮಡಚಿಕೊಂಡಿತು. ಬಡಗಿ ಹತ್ತಿರ ಪ್ಲೈವುಡ್ ಚೂರಿನಲ್ಲಿ ಜೋಡಿ ಬಳೆ ಕೊಯ್ಯಿಸಿದೆ, 60 ರೂಪಾಯಿ. ದಪ್ಪ ನೂಲಿನ ಆಸೆಯನ್ನೂ ಬಿಟ್ಟೆ. ಸಣ್ಣ ನೂಲೇ ಒತ್ತಾಗಿ ಕೂರೋದು.

ಆಮೇಲೆ ಗಂಟಿನ ಕಾಟ. ಅದೇ ನೂಲಲ್ಲಿ ಬಿಗಿದರೆ ಪಟ್ಟನೆ ಹರಿಯಿತು, ಹಾಲ್ ತುಂಬಾ ಎಳೆ. ಮೀನಿನ ಗಾಳದ ದಾರ ಜಾರಿತು. ಅಮ್ಮ ಮಲ್ಲಿಗೆ ಕಟ್ಟೋ ಬಾಳೆನಾರನ್ನೂ ನೋಡಿದೆ. ಒದ್ದೆ ಇರೋವರೆಗೆ ರಾಜ, ಒಣಗಿದ ಮೇಲೆ ಲಟಕ್. ಕೊನೆಗೆ ಒದಗಿದ್ದು ಚಪ್ಪಲಿ ಹೊಲಿಯೋ ಮೇಣದ ದಾರ. ಮೊದಲ ಗಂಟಿಗೆ ಎರಡು ತಿರುವು, ಮೇಲೊಂದು ಸಾದಾ ಗಂಟು. ಕಟ್ಟಿದ ಮೇಲೆ ಬಿಡಿಸೋಕೆ ಮುಂಚೆ ಒಂದು ರಾತ್ರಿ ಅದಕ್ಕೊಂದು ಉಪಚಾರ ಮಾಡ್ತೀನಿ. ಅದೇನು ಅಂತ ನನ್ನ ತಂಗಿಗೂ ಹೇಳಿಲ್ಲ.

ಅತಿ ದೊಡ್ಡ ಪೆಟ್ಟು ಬಿದ್ದಿದ್ದು ಆವಿಯಿಂದ. ಅರಳಲಿ ಅಂತ ಅಕ್ರಿಲಿಕ್ ಗೊಂಡೆಗೆ ಇಸ್ತ್ರಿಪೆಟ್ಟಿಗೆಯ ಆವಿ ಹತ್ತಿರದಿಂದ ಹಿಡಿದೆ. ಆರು ಗೊಂಡೆ ಮಳೆಯಲ್ಲಿ ನೆನೆದ ಬೆಕ್ಕಿನ ಹಾಗೆ ಮಲಗಿದವು, ಮತ್ತೆ ಏಳಲೇ ಇಲ್ಲ. 130 ರೂಪಾಯಿ ನೂಲು, ಒಂದು ಸಂಜೆ, ಎರಡೂ ಹೋಯ್ತು. ಈಗ ಕುದಿಯೋ ಕೆಟಲ್‌ನಿಂದ ಒಂದು ಮೊಳ ದೂರ ಹಿಡಿದು, ಎಣಿಸಿ ಐದು ಸೆಕೆಂಡ್, ಅಷ್ಟೇ.

ನಡುವೆ ಒಂದು ಹುಚ್ಚು. ಚಳ್ಳಕೆರೆ ಕಡೆಯಿಂದ ನೆಂಟರು ಕಂಬಳಿ ನೂಲು ತಂದುಕೊಟ್ಟಿದ್ದರು, ಅದರಲ್ಲೂ ಒಂದು ಗೊಂಡೆ ಮಾಡಿದೆ. ಕಪ್ಪು ಬಣ್ಣವೇನೋ ಚೆಂದ, ಮುಟ್ಟಿದರೆ ಹಲಸಿನ ಸಿಪ್ಪೆ! ಟೋಪಿಗೆ ಹಾಕಲಿಲ್ಲ, ಬೀಗದ ಕೈಗೆ ನೇತುಹಾಕಿದೀನಿ.

40 ಗೊಂಡೆ ಒಂದೊಂದೇ ಸುತ್ತಿದರೆ ಹೆಗಲು ಉಳಿಯಲ್ಲ. ಹಾಗಾಗಿ ಎರಡು ಸ್ಟೂಲ್ ತಲೆಕೆಳಗು ಮಾಡಿ, ಕಾಲಿಗೆ ನೂಲು ಸುತ್ತಿ, ಹೂಮಾಲೆಯ ಹಾಗೆ 11 ಸೆಂಟಿಮೀಟರಿಗೊಂದು ಗಂಟು ಬಿಗಿದು, ಗಂಟಿನ ನಡುನಡುವೆ ಕತ್ತರಿಸಿದೆ. ಒಂದು ಸಲಕ್ಕೆ ಹತ್ತು ಹನ್ನೊಂದು ಗೊಂಡೆ, 350 ಗ್ರಾಂ ಮೇಲೆ ನೂಲು. ಸ್ಟೂಲ್ ಒಳಕ್ಕೆ ವಾಲದ ಹಾಗೆ ಮೇಲೆ ಅಕ್ಕಿ ಚೀಲ ಹೇರಿ.

ಕತ್ತರಿ ಆಡಿಸೋವಾಗ ಕೈ ಬಿಗಿ ಹಿಡಿಯಬೇಡಿ. ಒಂದೊಂದರಲ್ಲೂ ಏಳೆಂಟು ಗ್ರಾಂ ಉದುರುತ್ತೆ, ಉದುರಲಿ. ಉಳಿಯೋದು 25 ಗ್ರಾಂ, 10 ಸೆಂಟಿಮೀಟರ್ ಗುಂಡು. ಆ ತೂಕಕ್ಕೆ ಟೋಪಿ ಹಿಂದಕ್ಕೆ ಜೋತುಬೀಳುತ್ತೆ ಅಂತ ದಾರದ ತುದಿಯನ್ನು ಒಳಗಿಳಿಸಿ ಅಂಗಿ ಗುಂಡಿಗೆ ಕಟ್ಟಿದೀನಿ. ಒಗೆಯೋವಾಗ ಬಿಚ್ಚಬಹುದು. ಖರ್ಚು ಗೊಂಡೆಗೆ 22, 23 ರೂಪಾಯಿ.

ಅಂಗಡಿಯವರು ಗೊಂಡೆ ಅದುಮಿ ನೋಡಿ, "ಎಲ್ಲಿಂದ ತರಿಸಿದ್ರಿ?" ಅಂದರು. ಈ ಸಲ ರೇಟು 320.