ಡಿಸ್ಕ್ ಸರಿಯಾಗೇ ಇತ್ತು, ಕೇಬಲ್ ಕೂಡುವ ಜಾಗ ಕೆಟ್ಟಿತ್ತು

ಕಾರವಾರದ ಕೋಡಿಬಾಗದಲ್ಲಿ ನನ್ನ ವಿಡಿಯೋ ಎಡಿಟಿಂಗ್ ರೂಮಿದೆ. ಕಾಳಿ ನದಿ ಸಮುದ್ರ ಸೇರುವುದು ಇಲ್ಲೇ ಪಕ್ಕದಲ್ಲಿ. ಕಿಟಕಿಯ ಸರಳಿಗೆ ಪ್ರತಿ ವರ್ಷ ಬಣ್ಣ ಬಳಿದರೂ ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಮೇಲೆದ್ದಿರುತ್ತದೆ. ಸರಳು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಬಳಿಯುತ್ತೇವೆ. ಕಂಪ್ಯೂಟರಿನ ಒಳಗೆ ಕೇಬಲ್ ಕೂಡುವ ಜಾಗ ಕಾಣುವುದಿಲ್ಲ. ಅಲ್ಲೂ ಇದೇ ಗಾಳಿ ಓಡಾಡುತ್ತದೆ ಅಂತ ತಿಳಿಯುವಷ್ಟರಲ್ಲಿ ನಾನು ಒಂದು ಹೊಸ ಡಿಸ್ಕ್ ಕೊಂಡಾಗಿತ್ತು.

ಅಂಕೋಲೆಯ ಒಂದು ಮದುವೆಯ ಎಡಿಟಿಂಗ್ ನಡೆದಿತ್ತು. ಧಾರೆಯ ಭಾಗಕ್ಕೆ ಬಂದಾಗ ಟೈಮ್‌ಲೈನ್ ತಡವರಿಸಿತು. ಆಮೇಲೆ ಪರದೆ ಪೂರ್ತಿ ಕೆಂಪು, 'ಮೀಡಿಯಾ ಆಫ್‌ಲೈನ್'. ಮಷಿನ್ ಬಂದ್ ಮಾಡಿ ಚಾಲೂ ಮಾಡಿದರೆ ಎಲ್ಲ ಸರಿ. ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಸಾಫ್ಟ್‌ವೇರ್ ತೆಗೆದು ಹಾಕಿದೆ, ಡ್ರೈವರ್ ಬದಲಿಸಿದೆ. ರಿಪೇರಿ ಅಂಗಡಿಯವರು ಕೇಳಿದ ಕೂಡಲೇ 'ಡಿಸ್ಕ್ ಹೋಯ್ತು' ಅಂದರು. 4 ಟಿಬಿಯ ಹೊಸದು ತಂದು ರಾತ್ರಿಯಿಡೀ ಕಾಪಿ ಮಾಡಿದೆ. ಎರಡು ವಾರದಲ್ಲಿ ಹೊಸ ಡಿಸ್ಕೂ ಹಾಗೇ ಮಾಡಲು ಶುರು ಮಾಡಿತು.

ಆಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದೆ. ಇದು ಪುಕ್ಕಟೆ ಸಿಗುವ ಚಿಕ್ಕ ಸಾಫ್ಟ್‌ವೇರ್. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ ಮೂರು ಸಾಲು ಮುಖ್ಯ. 05 ಅಂದರೆ ಕೆಟ್ಟು ಬದಲಾದ ಜಾಗ. ಸಿ5 ಅಂದರೆ ಓದಲು ಬಾರದೆ ಕಾಯುತ್ತಿರುವ ಜಾಗ. ಇವೆರಡರಲ್ಲಿ ಯಾವುದು ಏರುತ್ತಿದ್ದರೂ ಡಿಸ್ಕಿನದ್ದೇ ಕಾಯಿಲೆ, ತಡಮಾಡದೆ ಬ್ಯಾಕಪ್ ತೆಗೆಯಬೇಕು. ನನ್ನ ಎರಡೂ ಡಿಸ್ಕಿನಲ್ಲಿ ಅವು ಸೊನ್ನೆ. ಏರಿದ್ದದ್ದು ಸಿ7. ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಡೇಟಾ ಎಷ್ಟು ಸಲ ಕೆಟ್ಟಿತು ಅನ್ನುವ ಎಣಿಕೆ ಅದು. ದಾರಿ ಅಂದರೆ ಕೇಬಲ್ಲು ಮತ್ತು ಅದು ಕೂಡುವ ಬಾಯಿ, ಅಷ್ಟೇ ತಾನೆ? ಒಂದು ಮಾತು ನೆನಪಿರಲಿ, ಅಲ್ಲಿ ಅಂಕಿಗಳು ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿರುತ್ತವೆ. ಸೆಟ್ಟಿಂಗಿನಲ್ಲಿ ಅದನ್ನು ನಮ್ಮ ಮಾಮೂಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಂಡರೆ ಸುಲಭ.

ಪ್ಲಗ್ ಕಿತ್ತು, ಟಾರ್ಚ್ ಹಿಡಿದು, ಡಿಸ್ಕನ್ನು ಬೋರ್ಡಿಗೆ ಕೂಡಿಸುವ ಸಾಟಾ ಕೇಬಲ್ ಬಿಚ್ಚಿದೆ. ಡೇಟಾ ಬಾಯಿಯಲ್ಲಿ ಏಳು ಸಣ್ಣ ಪಟ್ಟಿಗಳಿರುತ್ತವೆ. ಐದು ಹೊಳೆಯುತ್ತಿದ್ದವು. ಎರಡು ಮಂಕಾಗಿದ್ದವು, ಒಂದರ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಹಸಿರು ಚುಕ್ಕೆ. ತೊಳೆಯದೆ ಬಿಟ್ಟ ತಾಮ್ರದ ಚೊಂಬಿನ ಮೇಲೆ ಬರುತ್ತದಲ್ಲ, ಅದೇ ಕಿಲುಬು. ಪಟ್ಟಿಯ ಮೇಲಿನ ಚಿನ್ನದ ಲೇಪ ಬಹಳ ತೆಳು. ಅದು ಸವೆದರೆ ಕೆಳಗಿನ ಲೋಹ ಹೊರಬೀಳುತ್ತದೆ. ಉಪ್ಪು, ತೇವ ಎರಡೂ ಸಿಕ್ಕರೆ ಕಿಲುಬು ಕಟ್ಟಲು ಜಾಸ್ತಿ ದಿನ ಬೇಡ.

ಲೇಪ ಸವೆಯಲು ಕಾರಣ ನನ್ನ ಕೈಯೇ. ಒಂದೊಂದು ಮದುವೆಗೂ ಒಂದೊಂದು ಡಿಸ್ಕ್ ಅಂತ ಕ್ಯಾಬಿನೆಟ್ ತೆರೆದು ಬದಲಿಸುತ್ತಿದ್ದೆ. ಒಳಗಿನ ಸಾಟಾ ಕೇಬಲ್ಲಿನ ಬಾಯಿ ತಾಳಿಕೆಗೆ ಇಟ್ಟ ಲೆಕ್ಕ ಸುಮಾರು 50 ಸಲ ಹಾಕಿ ತೆಗೆಯುವುದು ಮಾತ್ರ. ಮಾಮೂಲಿ ಚಪ್ಪಟೆ ಯುಎಸ್‌ಬಿಗೆ 1,500 ಸಲ, ಟೈಪ್-ಸಿಗೆ 10,000 ಸಲ. ಈ ಲೆಕ್ಕ ಗೊತ್ತಾದ ಮೇಲೆ ನಾನು ಒಳಗಿನ ಕೇಬಲ್ ಮುಟ್ಟುವುದನ್ನೇ ಬಿಟ್ಟೆ. ಡಿಸ್ಕ್ ಬದಲಿಸಲು ಹೊರಗೆ ಒಂದು ಡಾಕ್, ಅಂದರೆ ಡಿಸ್ಕ್ ಚುಚ್ಚುವ ಪೆಟ್ಟಿಗೆ ಇಟ್ಟೆ. ಸವೆಯುವುದಿದ್ದರೆ ಅದು ಸವೆಯಲಿ, ಬದಲಿಸಬಹುದು. ಮದರ್‌ಬೋರ್ಡಿನ ಬಾಯಿ ಹಾಗಲ್ಲ.

ಕೇಬಲ್ಲನ್ನು ಎಸೆದು ಹೊಸದು ಹಾಕಿದೆ. ಕಿಲುಬು ಹತ್ತಿದ ಕೇಬಲ್ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಡಿಸ್ಕಿನ ಕಡೆಯ ಪಟ್ಟಿಗಳನ್ನು ಮಾತ್ರ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ನೂಲು ಬಿಡದ ಬಟ್ಟೆ, ಒಂದೇ ದಿಕ್ಕಿನಲ್ಲಿ, ಹಗುರ ಕೈ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಮತ್ತು ಗ್ಲಿಸರಿನ್ ಇರುತ್ತದೆ. ಉಪ್ಪುಕಾಗದವಂತೂ ಬೇಡವೇ ಬೇಡ, ಉಳಿದ ಚಿನ್ನವೂ ಹೋಗುತ್ತದೆ. ಬಾಯಿಂದ ಉಫ್ ಅಂತ ಊದುವ ಅಭ್ಯಾಸ ನಮಗೆಲ್ಲ ಇದೆ. ಊದಿದರೆ ತೇವ ಒಳಗೆ ಹೋಗುತ್ತದೆ. ಅದಕ್ಕೆ ರಬ್ಬರಿನ ಬ್ಲೋವರ್ ಇದೆ.

ಎರಡನೇ ಪೆಟ್ಟು ಇದಕ್ಕಿಂತ ದೊಡ್ಡದು. ಗಿರಾಕಿಗಳಿಗೆ ತೋರಿಸಲು ಟಿವಿಗೆ ಎಚ್‌ಡಿಎಂಐ ಚುಚ್ಚಿದೆ. ಚಿಟ್ ಅಂತ ಸಣ್ಣ ಕಿಡಿ. ಗ್ರಾಫಿಕ್ಸ್ ಕಾರ್ಡಿನ ಆ ಪೋರ್ಟ್ ಅಲ್ಲಿಗೆ ಮುಗಿಯಿತು. ಅದಕ್ಕೂ ಮೊದಲು ಎಷ್ಟೋ ದಿನ, ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ನಾನು ಅದನ್ನು ಸುಮ್ನೆ ಬಿಟ್ಟಿದ್ದೆ.

ಎಲೆಕ್ಟ್ರಿಷಿಯನ್ ಬಂದು ಮೀಟರಿನ ಒಂದು ಮುಳ್ಳನ್ನು ಕ್ಯಾಬಿನೆಟ್ಟಿಗೂ ಇನ್ನೊಂದನ್ನು ಬಾವಿಕಟ್ಟೆಯ ಹತ್ತಿರದ ಒದ್ದೆ ಮಣ್ಣಿಗೂ ಇಟ್ಟರು. ನೂರು ವೋಲ್ಟಿನ ಹತ್ತಿರ ತೋರಿಸಿತು.

"ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷ ಆಯ್ತು ಮಾರಾಯ್ರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಹಿತ್ತಿಲಲ್ಲಿ ಅಗೆದು ನೋಡಿದರೆ ತಂತಿ ಹಿಡಿದ ಕ್ಲಾಂಪೇ ಕೊರೆದು ಬಿಟ್ಟುಕೊಂಡಿತ್ತು. ಇಲ್ಲಿನದು ಚಿರೆಕಲ್ಲಿನ ನೆಲ. ಮಳೆಯಲ್ಲಿ ತೊಪ್ಪೆಯಾಗಿದ್ದರೂ ಏಪ್ರಿಲ್-ಮೇ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ.

ಆಗುವುದು ಇಷ್ಟು. ಕಂಪ್ಯೂಟರಿನ ಪವರ್ ಸಪ್ಲೈನ ಫಿಲ್ಟರಿನಿಂದ ತುಸು ಕರೆಂಟು ಯಾವಾಗಲೂ ತಗಡಿನ ಮೈಗೆ ಹರಿಯುತ್ತದೆ. ಅರ್ಥ್ ಸರಿ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮೈಯಲ್ಲೇ ನಿಲ್ಲುತ್ತದೆ, 230 ವೋಲ್ಟಿನ ಸುಮಾರು ಅರ್ಧದಷ್ಟು. ಟಿವಿಯ ಮೈ ಬೇರೆ, ಅದಕ್ಕೆ ಡಿಶ್ ತಂತಿಯೋ ಕೇಬಲ್ ತಂತಿಯೋ ಸೇರಿರುತ್ತದೆ. ಎರಡನ್ನೂ ಎಚ್‌ಡಿಎಂಐಯಿಂದ ಕೂಡಿಸುವ ಆ ಗಳಿಗೆಯಲ್ಲಿ ಕರೆಂಟು ಸೂಕ್ಷ್ಮವಾದ ಚಿಪ್‌ನ ಮೂಲಕ ದಾರಿ ಮಾಡಿಕೊಳ್ಳಬಹುದು. ಈಗ ಹೊಸ ಅರ್ಥಿಂಗ್ ಇದೆ. ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಗುಂಡಿಗೆ. ಎಚ್‌ಡಿಎಂಐ ಚುಚ್ಚುವಾಗ ಎರಡೂ ಕಡೆ ಪ್ಲಗ್ ಕಿತ್ತಿರುತ್ತೇನೆ, ಬರೀ ಸ್ವಿಚ್ ಆರಿಸಿದರೆ ನನಗೆ ಸಮಾಧಾನವಿಲ್ಲ. ಗುಡುಗು ಕೇಳಿದರೂ ಅಷ್ಟೇ. ಟಿವಿಯ ತಂತಿ, ಇಂಟರ್ನೆಟ್ ತಂತಿ ಎರಡೂ ಹೊರಗೆ. ಸರ್ಜ್ ಬೋರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ. ಅರ್ಥ್ ಇಲ್ಲದೆ ಅದು ತನ್ನ ಕೆಲಸ ಪೂರ್ತಿ ಮಾಡಲಾರದು.

ಲ್ಯಾಪ್‌ಟಾಪಿನ ಟೈಪ್-ಸಿ ಸಡಿಲವಾದದ್ದು ಎಸ್‌ಎಸ್‌ಡಿ ಅನ್ನುವ ಚಿಕ್ಕ ಡಿಸ್ಕನ್ನು ಕೇಬಲ್ಲಿಗೆ ಜೋತುಬಿಟ್ಟಿದ್ದರಿಂದ. ಈಗ ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪಿನ ಮುಚ್ಚಳದ ಬೆನ್ನಿಗೆ ವೆಲ್ಕ್ರೋ ಹಾಕಿ ಅಂಟಿಸುತ್ತೇನೆ. ಪೋರ್ಟಿನಲ್ಲಿ ಧೂಳು ಕೂತರೆ, ಮಷಿನ್ ಬಂದ್ ಮಾಡಿ ಮರದ ಹಲ್ಲುಕಡ್ಡಿಯಿಂದ ತೆಗೆಯುತ್ತೇನೆ. ನಡುವಿನ ತೆಳು ನಾಲಿಗೆಗೆ ಸೂಜಿ ತಾಗಿಸಬಾರದು.

ಕೇಬಲ್ ಸುತ್ತುವುದನ್ನು ನಮ್ಮ ಹುಡುಗನಿಗೆ ಹೇಳಿಕೊಡಲು ಬೈತಖೋಲ ಬಂದರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ದೋಣಿಯವರು ಹಗ್ಗವನ್ನು ಅದರ ಹುರಿ ಇದ್ದ ಕಡೆಗೇ ಮಲಗಿಸುತ್ತಾರೆ, ಬಲವಂತ ಮಾಡುವುದಿಲ್ಲ. ಮೊಣಕೈಗೆ ಬಿಗಿಯಾಗಿ ಸುತ್ತಿದರೆ ಕೇಬಲ್ ಒಳಗೇ ತಿರುಚಿಕೊಂಡು ಬಾಯಿಯ ಬುಡದಲ್ಲಿ ಮುರಿಯುತ್ತದೆ. ಅವನು ಒಂದೇ ಸಲಕ್ಕೆ ಕಲಿತ.

ಆಷಾಢದಲ್ಲಿ ಮದುವೆ ಇಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿದಿರುತ್ತದೆ. ಮಷಿನ್ ಸುಮ್ಮನೆ ಕೂರುವ ಕಾಲ. ತೇವ ಹೆಚ್ಚಿರುವುದೂ ಅದೇ ಕಾಲ. ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ತಾಸು ಓಡಿಸುತ್ತೇನೆ, ಒಳಗೆ ಬೆಚ್ಚಗಾಗಿ ತೇವ ಆರುತ್ತದೆ. ಕಾರ್ಡು, ಕೇಬಲ್, ಖಾಲಿ ಡಿಸ್ಕುಗಳೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮನೆಯಲ್ಲಿ ಹಲಸಿನ ಹಪ್ಪಳ ಇಡುತ್ತಾರಲ್ಲ ಅಂಥದ್ದು. ಜೊತೆಗೆ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿಯಾದರೆ ಅದು ನೀರು ಕುಡಿದಿದೆ ಅಂತ ಅರ್ಥ, ಬದಲಿಸುತ್ತೇನೆ. ಎಸಿಯಲ್ಲಿದ್ದ ಕ್ಯಾಮೆರಾವನ್ನು ಹೊರಗೆ ತಂದ ಕೂಡಲೇ ಅದರ ಮೇಲೆ ಬೆವರು ಕಟ್ಟುತ್ತದೆ. ಅರ್ಧ ತಾಸು ಚೀಲದಲ್ಲೇ ಬಿಟ್ಟು ಆಮೇಲೆ ಕೇಬಲ್ ಹಾಕುತ್ತೇನೆ.

ಅವತ್ತು 'ಹೋಯ್ತು' ಅನ್ನಿಸಿಕೊಂಡ ಹಳೇ ಡಿಸ್ಕ್ ಈಗಲೂ ಕೆಲಸದಲ್ಲಿದೆ. ಸಿ7ರ ಎಣಿಕೆ ಏರಬಹುದು, ಇಳಿಯುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕೇಬಲ್ ಬದಲಿಸಿದ ದಿನ 214 ಇತ್ತು. ಇವತ್ತು ಬೆಳಿಗ್ಗೆ ನೋಡಿದೆ, 214.